ಹಾಲೆಂಡಿನಲ್ಲಿ ನಾನು ಒಪ್ಪಿಕೊಂಡ ಮದುವೆ ಹೇಳಿಕೆ

ನರಸಿಂಹರಾಜಪುರ: ಹೊರಡುವ ಮೊದಲು

ನನಗೆ ಮದುವೆಯಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹಾಲೆಂಡಿಗೆ ಹೋದದ್ದು ಮದುವೆಯ ವಿಷಯ ಮಾತನಾಡುವುದಕ್ಕೆ.

ನಮ್ಮ ಚರ್ಚಿನಲ್ಲಿ ಮದುವೆ ಗೊತ್ತಾದ ಹುಡುಗ ಹುಡುಗಿಯರು ಮೂರು ಭಾನುವಾರ ಪಾಠಕ್ಕೆ ಕೂರಬೇಕು. ಹದಿನಾಲ್ಕು ವರ್ಷದಿಂದ ಆ ಪಾಠ ಹೇಳುತ್ತಿರುವವನು ನಾನು. ವಾರದ ದಿನಗಳಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರು, ಭಾನುವಾರ ದಾಂಪತ್ಯದ ಮೇಷ್ಟರು. ಮೊದಲ ವಾರ ಅತ್ತೆ ಮಾವಂದಿರೊಡನೆ ಹೇಗಿರಬೇಕು, ಎರಡನೆಯ ವಾರ ಸಿಟ್ಟು ಬಂದಾಗ ಏನು ಮಾಡಬೇಕು. ಮೂರನೆಯ ವಾರ ಶರೀರದ ಪಾಠ. ಅದಕ್ಕೆ ಆಸ್ಪತ್ರೆಯ ನರ್ಸ್ ಸಿಸ್ಟರ್ ಬರುತ್ತಾರೆ. ಅವರು ಚಾರ್ಟು ಬಿಚ್ಚುವಷ್ಟರಲ್ಲಿ ನನಗೆ ಹೊರಗೆ ಸೈಕಲ್ಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ. ಹದಿನಾಲ್ಕು ವರ್ಷದಿಂದಲೂ ಆ ಅನುಮಾನ ತೀರಿಲ್ಲ.

ಹಾಲೆಂಡಿನ ಕೆಲವು ಕ್ರೈಸ್ತ ಸಭೆಗಳವರು ಸೇರಿ ಆಪ್ತಸಲಹೆಯ ಬಗ್ಗೆ ಒಂದು ವಾರದ ಶಿಬಿರ ನಡೆಸುತ್ತಾರಂತೆ, ಬೇರೆ ದೇಶಗಳಿಂದಲೂ ಜನ ಬೇಕಂತೆ, ಪಾದ್ರಿಗಳು ಬೇಡ, ಊರಿನಲ್ಲಿ ಕೂತು ಸಂಸಾರಗಳಿಗೆ ಬುದ್ಧಿ ಹೇಳುವ ಸಾಮಾನ್ಯರೇ ಆಗಬೇಕಂತೆ. ನಮ್ಮ ಫಾದರ್ ಒಂದು ಗಳಿಗೆಯೂ ಯೋಚಿಸದೆ ನನ್ನ ಹೆಸರು ಬರೆದರು. ಅರ್ಜಿಯಲ್ಲಿ 'ದಾಂಪತ್ಯದ ಅನುಭವ ಎಷ್ಟು ವರ್ಷ' ಎಂಬ ಜಾಗ ಇತ್ತು. ಅಲ್ಲಿ ಹದಿನಾಲ್ಕು ಎಂದು ತುಂಬಿದವರೂ ಅವರೇ.

ಕೊಪ್ಪದ ಬಸ್ ಸ್ಟ್ಯಾಂಡಿಗೆ ನನ್ನನ್ನು ಜೀಪಿನಲ್ಲಿ ಬಿಟ್ಟವನು ಸುರೇಶ. ಹಿರೇಕೊಡಿಗೆಯಲ್ಲಿ ನಮ್ಮ ಹಳೆಯ ಮನೆಯ ಪಕ್ಕದ ತಿಮ್ಮೇಗೌಡರ ಮಗ. ದಾರಿಯುದ್ದಕ್ಕೂ ನನ್ನ ಸೂಟ್‌ಕೇಸು ನೋಡಿ ನಗುತ್ತಿದ್ದ.

"ಅಲ್ಲ ಮಾಷ್ಟ್ರೇ, ಈಜು ಬರ್ದೇ ಇದ್ದೋರು ದಡದ ಮೇಲೆ ನಿಂತ್ಕಂಡು ಈಜು ಕಲ್ಸೋದು ಕೇಳಿದ್ದೆ. ಈಗ ಸಮುದ್ರ ದಾಟಿ ಕಲ್ಸೋಕೆ ಹೊಂಟ್ರಲ್ಲ ಮಾರಾಯ್ರೇ."

"ದಡದ ಮೇಲೆ ನಿಂತವನಿಗೇ ಯಾರು ಮುಳುಗ್ತಿದಾರೆ ಅಂತ ಚೆನ್ನಾಗಿ ಕಾಣೋದು" ಎಂದೆ. ಉತ್ತರ ನನಗೇ ಬಹಳ ಹಿಡಿಸಿತು. ಬೆಂಗಳೂರಿನವರೆಗೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಹೋದೆ.

ಶನಿವಾರ: ಪರದೆಯಿಲ್ಲದ ಮನೆ

ನಾನು ಇಳಿದುಕೊಂಡದ್ದು ಒಂದು ಸಣ್ಣ ಪಟ್ಟಣದಲ್ಲಿ, ಹೆಂಡ್ರಿಕ್ ಎಂಬವರ ಮನೆಯಲ್ಲಿ. ವಯಸ್ಸು ಅರವತ್ತರ ಹತ್ತಿರ, ಬಾಗಿಲಿನಷ್ಟೇ ಎತ್ತರ, ನಗಬೇಕಾದರೆ ಮೊದಲು ಯೋಚಿಸುವ ಸ್ವಭಾವ. ಟೌನ್ ಹಾಲಿನಲ್ಲಿ ಮದುವೆ ನೋಂದಾಯಿಸುವ ಅಧಿಕಾರಿ. ಆ ದೇಶದಲ್ಲಿ ಚರ್ಚಿನಲ್ಲಿ ಆಶೀರ್ವಾದ ಆಗುವ ಮುಂಚೆ ಸರ್ಕಾರದ ಮದುವೆ ಆಗಲೇಬೇಕು. ಊರಿನ ಅರ್ಧ ಜನರಿಗೆ 'ನೀವಿನ್ನು ಗಂಡ ಹೆಂಡತಿ' ಎಂದು ಹೇಳಿದ ಬಾಯಿ ಅವರದು. ಅವರ ಹೆಂಡತಿ ಯಾನಿ, ಗುಂಡಗೆ, ಚುರುಕಾಗಿ, ಮಾತು ಮುಗಿಯುವುದರೊಳಗೆ ಕೆಲಸ ಮುಗಿಸುವ ಹೆಂಗಸು.

ಆ ಬೀದಿಯ ಯಾವ ಮನೆಗೂ ಪರದೆ ಎಳೆದಿರಲಿಲ್ಲ. ದೊಡ್ಡ ದೊಡ್ಡ ಕಿಟಕಿ, ಒಳಗೆ ಊಟ ಮಾಡುವವರು, ಪೇಪರ್ ಓದುವವರು, ಎಲ್ಲ ಬೀದಿಗೆ ಕಾಣುತ್ತಾರೆ. ಆದರೆ ಯಾರೂ ನೋಡುವುದಿಲ್ಲ. ನಾನೊಬ್ಬನೇ ನಿಂತು ನಿಂತು ನೋಡುತ್ತಿದ್ದೆ. ನಮ್ಮೂರಿನಲ್ಲಿ ಕಿಟಕಿ ಮುಚ್ಚಿಯೇ ಇರುತ್ತದೆ, ಒಳಗೆ ಏನಾಗುತ್ತಿದೆ ಎಂಬುದು ಮಾತ್ರ ಶೃಂಗೇರಿಯವರೆಗೂ ಗೊತ್ತಿರುತ್ತದೆ.

ಕಾಫಿಯ ಜೊತೆ ಯಾನಿ ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ಒಂದು ತೆಗೆದುಕೊಂಡೆ. ಟಪ್ಪನೆ ಮುಚ್ಚಳ ಬಿತ್ತು. 'ಸಾಕು' ಎಂದು ಕೈ ಅಡ್ಡ ಹಿಡಿಯಲು, 'ಇನ್ನೊಂದು ತಗೊಳ್ಳಿ' ಎನ್ನಿಸಿಕೊಳ್ಳಲು ನನಗೆ ಅವಕಾಶವೇ ಸಿಗಲಿಲ್ಲ. ಒತ್ತಾಯವಿಲ್ಲದೆ ಉಪಚಾರ ಮಾಡುವುದು ಹೇಗೆ ಸಾಧ್ಯ ಎಂದು ನಾನು ಆ ಒಂದೇ ಬಿಸ್ಕತ್ತನ್ನು ಬಹಳ ಹೊತ್ತು ತಿಂದೆ.

ಅವರ ಪಾಯಿಖಾನೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿತ್ತು. ಬಂಧುಗಳ ಹುಟ್ಟುಹಬ್ಬಗಳನ್ನು ಅದರಲ್ಲಿ ಬರೆದಿಡುವುದು ಅಲ್ಲಿಯ ಎಲ್ಲ ಮನೆಗಳ ಪದ್ಧತಿಯಂತೆ. ದಿನಕ್ಕೊಮ್ಮೆ ಎಲ್ಲರೂ ನೋಡುವ ಜಾಗ ಅದೊಂದೇ ಎಂದು ಯಾನಿ ವಿವರಿಸಿದರು. ಹೆಂಡ್ರಿಕ್ಕರ ನೇರವಾದ ಅಕ್ಷರದಲ್ಲಿ ನಲವತ್ತು ಹೆಸರುಗಳಿದ್ದವು. ಜೂನ್ ತಿಂಗಳಲ್ಲಿ 'ಮರೈಕೆ' ಎಂಬ ಹೆಸರು. "ಮಗಳು" ಎಂದರು ಯಾನಿ, ಮತ್ತೆ ಪಾತ್ರೆಗಳ ಕಡೆ ಹೋದರು. ಮಗಳು ಎಲ್ಲಿದ್ದಾಳೆ ಎಂದು ಕೇಳಬೇಕೆನ್ನಿಸಿತು. ನಮ್ಮ ಕಡೆಯಾದರೆ ಅಷ್ಟು ಹೊತ್ತಿಗೆ ಅಳಿಯನ ಸಂಬಳವೂ ಗೊತ್ತಾಗಿರುತ್ತಿತ್ತು.

ಭಾನುವಾರ: ಪೆಪ್ಪರಮಿಂಟು

ಹೆಂಡ್ರಿಕ್ ಕಟ್ಟುನಿಟ್ಟಿನ ಪ್ರಾಟೆಸ್ಟಂಟ್, ಅವರ ಸಭೆಯ ಹಿರಿಯರಲ್ಲೊಬ್ಬರು, ಸಭೆಯ ಪರವಾಗಿ ಶಿಬಿರಕ್ಕೂ ಬರುವವರು. ನಾನು ಕಥೋಲಿಕ. ಅವರ ಚರ್ಚಿನ ಒಳಗೆ ಹೋಗಿ ನಾಲ್ಕು ಗೋಡೆ ಹುಡುಕಿದರೂ ಒಬ್ಬ ಸಂತನೂ ಸಿಗಲಿಲ್ಲ. ಕೈ ಅಭ್ಯಾಸದ ಪ್ರಕಾರ ಹಣೆಗೂ ಎದೆಗೂ ಶಿಲುಬೆಯ ಗುರುತು ಹಾಕಿದೆ. ಮೂರು ಸಾಲಿನವರು ತಿರುಗಿ ನೋಡಿದರು.

ಪ್ರವಚನ ಶುರುವಾಗುತ್ತಿದ್ದಂತೆ ಚರ್ಚಿನ ತುಂಬ ಕಾಗದದ ಸರಸರ ಸದ್ದು. ಎಲ್ಲರೂ ಜೇಬಿನಿಂದ ಪೆಪ್ಪರಮಿಂಟು ತೆಗೆದು ಬಾಯಿಗೆ ಹಾಕಿಕೊಂಡರು. ನನ್ನ ಪಕ್ಕದ ಮುದುಕರು ನನಗೂ ಒಂದು ಕೊಟ್ಟರು. ಕೊಟ್ಟವರಿಗೆ ವಾಪಸು ಏನಾದರೂ ಕೊಡದೆ ಇರುವುದು ನಮ್ಮಲ್ಲಿ ಮರ್ಯಾದೆಯಲ್ಲ. ನನ್ನ ಕೋಟಿನ ಜೇಬಿನಲ್ಲಿ ಕೆಂಪಡಿಕೆಯ ಹೋಳುಗಳಿದ್ದವು. ಒಂದು ಕೊಟ್ಟೆ. ಅವರು ತಲೆಬಾಗಿ, ಪೆಪ್ಪರಮಿಂಟೆಂದೇ ತಿಳಿದು ಬಾಯಿಗೆ ಹಾಕಿ, ಕಟ್ ಎಂದು ಕಡಿದರು. ಅವರದು ಕಟ್ಟಿಸಿದ ಹಲ್ಲು ಎಂಬುದು ಆ ಸದ್ದಿನಲ್ಲೇ ಗೊತ್ತಾಯಿತು. ಪಾಪ, ಉಗುಳುವುದಕ್ಕೆ ಜಾಗವಿಲ್ಲ, ನುಂಗುವುದಕ್ಕೆ ಧೈರ್ಯವಿಲ್ಲ. ಮುಖ ಕೆಂಪಾಗಿ, ಹಣೆಯಲ್ಲಿ ಬೆವರೊಡೆದು, ಒಂದು ಗಂಟೆಯ ಪ್ರವಚನವನ್ನು ಅಲುಗಾಡದೆ ಕೇಳಿದರು.

ಹೊರಗೆ ಬಂದ ಮೇಲೆ ಕ್ಷಮೆ ಕೇಳಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಪ್ರವಚನ ಪೂರ್ತಿ ಕೇಳಿದೆ, ಇನ್ನೊಂದು ಹೋಳಿದ್ದರೆ ಕೊಡಿ, ಸಂಜೆಯೂ ಒಂದು ಆರಾಧನೆಯಿದೆ ಎಂದರು.

ಸೋಮವಾರ: ಹೇಳಿಕೆ

ಶಿಬಿರದ ಮೊದಲ ದಿನವೇ ಜಗಳ. ವಿಷಯ ಇಷ್ಟು. ಆ ದೇಶದಲ್ಲಿ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದು ಎಂಬ ಕಾನೂನು ಬಂದು ನಾಲ್ಕೈದು ವರ್ಷವಾಗಿತ್ತು. ಅಂಥವರು ಸಲಹೆಗೆ ಬಂದರೆ ಕ್ರೈಸ್ತ ಸಲಹೆಗಾರ ಏನು ಮಾಡಬೇಕು? ಬದಲಾಗಿ ಎನ್ನಬೇಕೆ, ಸುಮ್ಮನೆ ಕೇಳಬೇಕೆ, ಬೇರೆಯವರ ಹತ್ತಿರ ಹೋಗಿ ಎನ್ನುವ ಹಕ್ಕು ಅವನಿಗಿದೆಯೆ? ಒಬ್ಬರು ಬೈಬಲ್ ತೆರೆದರು, ಇನ್ನೊಬ್ಬರು ಕಾನೂನಿನ ಪುಸ್ತಕ ತೆರೆದರು, ಮೂರನೆಯವರು ಅಳತೊಡಗಿದರು. ಯಾರೂ ದನಿ ಎತ್ತಲಿಲ್ಲ, ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾಯಿ ಹಾಕಲೂ ಇಲ್ಲ. ಜಗಳವಾಗುತ್ತಿದೆ ಎಂದು ನನಗೆ ಗೊತ್ತಾದದ್ದೇ ಕಾಫಿಯ ವೇಳೆಗೆ.

"ನಿಮ್ಮ ಊರಿನಲ್ಲಿ ಹೇಗೆ?" ಎಂದು ನನ್ನನ್ನು ಕೇಳಿದರು.

"ನಮ್ಮಲ್ಲಿ ಅಂಥವರಿಲ್ಲ" ಎಂದೆ. ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ಹೆಂಡ್ರಿಕ್ ಮಾತ್ರ ಕಿಟಕಿಯಾಚೆ ನೋಡುತ್ತಿದ್ದರು.

ಸಂಜೆ ಹೆಂಡ್ರಿಕ್ ಸಭೆಯ ಹಿರಿಯರ ಮೀಟಿಂಗಿಗೆ ಹೋದರು. ಯಾನಿ ಪಕ್ಕದ ಮನೆಯ ಬಾಣಂತಿಗೆ ಸಾರು ಕೊಟ್ಟುಬರಲು ಹೋದರು. ಮನೆಯಲ್ಲಿ ನಾನೊಬ್ಬನೇ. ಗಂಟೆ ಬಾರಿಸಿತು. ಬಾಗಿಲು ತೆಗೆದರೆ ಇಪ್ಪತ್ತೆಂಟು ಮೂವತ್ತರ ಹೆಂಗಸು, ಹೆಂಡ್ರಿಕ್ಕರದೇ ಎತ್ತರ, ಅವರದೇ ಮೂಗು. ನನ್ನನ್ನು ಕಂಡು ಬೆಚ್ಚಿ ಒಂದು ಹೆಜ್ಜೆ ಹಿಂದೆ ಹೋದಳು.

"ನಾನು ಮರೈಕೆ. ಮೇಲಿನ ಕೋಣೆಯಲ್ಲಿ ನನ್ನ ಚಳಿಗಾಲದ ಕೋಟು ಇದೆ. ತೆಗೆದುಕೊಂಡು ಹೋಗುತ್ತೇನೆ" ಎಂದಳು.

ಕೋಟು ಹೊತ್ತು ಕೆಳಗೆ ಬರುವಾಗ ಏಣಿಯಂಥ ಆ ಮೆಟ್ಟಿಲಿನಲ್ಲಿ ಅವಳ ಚೀಲ ಜಾರಿ, ಒಂದು ಲಕೋಟೆ ನನ್ನ ಕಾಲ ಬಳಿ ಬಿತ್ತು. ಮೇಲೆ ಹೆಂಡ್ರಿಕ್ ಮತ್ತು ಯಾನಿಯ ಹೆಸರು. ಮೂಲೆಯಲ್ಲಿ ಎರಡು ಉಂಗುರದ ಚಿತ್ರ. ನಾನು ಪೆದ್ದನಲ್ಲ. ಮದುವೆ ಕಾಗದ ಕಂಡರೆ ಗೊತ್ತಾಗುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮದುವೆಗೆ ಕರೆಯಲು ಬರುವುದಕ್ಕೆ ನಾವು ಹೇಳಿಕೆ ಎನ್ನುತ್ತೇವೆ. ಹೇಳಿಕೆಗೆ ಬಂದವರನ್ನು ಯಜಮಾನರಿಲ್ಲ ಎಂದು ಬಾಗಿಲಿನಿಂದ ಕಳಿಸುವ ಹಾಗಿಲ್ಲ. ಮನೆಯಲ್ಲಿ ಯಾರಿದ್ದರೂ ಸರಿ, ನಿನ್ನೆ ಬಂದ ನೆಂಟನಾದರೂ ಸರಿ, ಕೂರಿಸಿ, ಕುಡಿಯಲು ಕೊಟ್ಟು, ಕಾಗದ ತೆಗೆದುಕೊಂಡು 'ಬರ್ತೀವಿ' ಎನ್ನಬೇಕು. ಅಂದ ಮೇಲೆ ಆ ಮನೆಯಿಂದ ಒಬ್ಬರಾದರೂ ಹೋಗಲೇಬೇಕು. ಹೋಗದಿದ್ದರೆ ಮನೆಗೇ ಮಾತು ಬರುತ್ತದೆ.

ನಾನು ಮರೈಕೆಯನ್ನು ಅವಳದೇ ಮನೆಯಲ್ಲಿ ಕೂರಿಸಿದೆ. ಬೇಡ ಎಂದಳು, ಕೇಳಲಿಲ್ಲ. ಕಾಫಿ ಮಾಡಿದೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು, ತೆಗೆದ ಹಾಗೇ ಇಟ್ಟು, ಒತ್ತಾಯ ಮಾಡಿ ನಾಲ್ಕು ತಿನ್ನಿಸಿದೆ. ಆಮೇಲೆ ಎದ್ದು ನಿಂತು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು, "ಮನೆಯವರ ಪರವಾಗಿ ನಾನು ತೆಗೆದುಕೊಂಡೆ. ಈ ಮನೆಯಿಂದ ಖಂಡಿತ ಬರುತ್ತೇವೆ" ಎಂದೆ.

ಅವಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಇಂಥ ಹೊತ್ತಿನಲ್ಲಿ ಸುಮ್ಮನಿರಬಾರದು ಎಂದು ನಾನು ಮುಂದುವರಿಸಿದೆ.

"ಹುಡುಗ ಏನು ಮಾಡುತ್ತಾನೆ?"

"ಹುಡುಗ ಅಲ್ಲ. ಎಲ್ಸ್ ಎಂದು, ಹುಡುಗಿ" ಎಂದಳು, ನನ್ನ ಮುಖದಿಂದ ಕಣ್ಣು ತೆಗೆಯದೆ. "ಆಸ್ಪತ್ರೆಯಲ್ಲಿ ನರ್ಸ್."

ಬೆಳಗ್ಗೆಯಿಂದ ಆ ವಿಷಯವನ್ನೇ ಕೇಳಿ ಬಂದಿದ್ದೆ. ಏನೇನು ಹೇಳಬಹುದು ಎಂದು ಟಿಪ್ಪಣಿಯನ್ನೂ ಬರೆದುಕೊಂಡಿದ್ದೆ. ಆದರೆ ನನ್ನ ಬಾಯಿಂದ ಬಂದದ್ದು ಕೊಪ್ಪ ಸೀಮೆಯಲ್ಲಿ ಇಂಥ ಸಮಯದಲ್ಲಿ ಯಾರ ಬಾಯಿಂದಲೂ ಬರುವ ಮಾತು.

"ಕೆಲಸ ಪರ್ಮನೆಂಟಾ?"

ಅವಳು ನಕ್ಕಳು. ನಗು ನಿಲ್ಲಲಿಲ್ಲ. ನೋಡುತ್ತಿದ್ದಂತೆ ಅದು ಅಳುವಾಯಿತು. ಪರ್ಮನೆಂಟು, ಮದುವೆ ಶುಕ್ರವಾರ ಟೌನ್ ಹಾಲಿನಲ್ಲಿ ಎಂದು ಹೇಳಿ, ಕೋಟು ಎತ್ತಿಕೊಂಡು ಹೋದಳು.

ಮೊದಲು ಬಂದವರು ಯಾನಿ, ಅವರ ಹಿಂದೆಯೇ ಹೆಂಡ್ರಿಕ್. ನಾನು ಹೆಮ್ಮೆಯಿಂದ ಕಾಗದ ಮುಂದೆ ಹಿಡಿದೆ. "ಮಗಳು ಹೇಳಿಕೆಗೆ ಬಂದಿದ್ದಳು. ಶುಕ್ರವಾರ ಮದುವೆ. ಬರುತ್ತೇವೆ ಎಂದು ಹೇಳಿದ್ದೇನೆ."

ಹೆಂಡ್ರಿಕ್ ಕಾಗದ ಮುಟ್ಟಲಿಲ್ಲ. ಕೋಟು ಕಳಚಿ ಮೊಳೆಗೆ ಹಾಕಿ, ಮೆಟ್ಟಿಲು ಹತ್ತಿ ಹೋದರು. ಯಾನಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಆ ಲಕೋಟೆಯನ್ನು ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡು ಹೇಳಿದರು: "ಒಂದೂವರೆ ವರ್ಷದಿಂದ ಅಪ್ಪ ಮಗಳಿಗೆ ಮಾತಿಲ್ಲ. ಅವರಿಲ್ಲದ ಹೊತ್ತು ನೋಡಿಯೇ ಬಂದಿದ್ದಾಳೆ."

ನನಗೆ ಬೆವರು ಬಂತು. ಅಡಿಕೆ ತಿಂದ ಮುದುಕರ ಸ್ಥಿತಿ ಆಗ ಅರ್ಥವಾಯಿತು.

ಮಂಗಳವಾರ: ಬಾಯಿ ಮುಚ್ಚುವ ಪಾಠ

ಎರಡನೆಯ ದಿನ ತರಬೇತಿ. ಹೇಳಿಕೊಡುವ ಡಾಕ್ಟರ್ ಮೇಡಂ ತೆಳ್ಳಗೆ, ಕಡ್ಡಿಯ ಹಾಗಿದ್ದರು. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ತಮ್ಮ ಒಂದು ಕಷ್ಟ ಹೇಳಬೇಕು, ಇನ್ನೊಬ್ಬರು ಹತ್ತು ನಿಮಿಷ ಕೇಳಬೇಕು. ಬುದ್ಧಿ ಹೇಳುವಂತಿಲ್ಲ, ದೃಷ್ಟಾಂತ ಕೊಡುವಂತಿಲ್ಲ, ಬೈಬಲ್ ವಚನ ಉದ್ಧರಿಸುವಂತಿಲ್ಲ.

ಹತ್ತು ನಿಮಿಷ ಬುದ್ಧಿ ಹೇಳದೆ ಇರುವುದು ನಮ್ಮ ತಾಲ್ಲೂಕಿನಲ್ಲಿ ಯಾರಿಂದಾದರೂ ಆಗುತ್ತದೆಯೆ? ಬಸ್ಸಿನಲ್ಲಿ ಪಕ್ಕ ಕೂತವರು ಕೆಮ್ಮಿದರೆ ನಾಲ್ಕು ಜನ ಕಷಾಯ ಹೇಳಿಕೊಡುತ್ತಾರೆ. ಮೊದಲ ಸುತ್ತಿನಲ್ಲಿ ನನ್ನ ಎದುರಿಗಿದ್ದ ಯುವಕ "ನನಗೂ ನನ್ನ ಅತ್ತೆಗೂ..." ಎನ್ನುವಷ್ಟರಲ್ಲಿ ನಾನು ಮೂರು ಸಲಹೆ ಕೊಟ್ಟಾಗಿತ್ತು. ಮೇಡಂ ಬಂದು ನನ್ನ ಹೆಗಲು ತಟ್ಟಿ, ಎರಡನೆಯ ಸುತ್ತಿಗೆ ಜೋಡಿ ಬದಲಿಸಿದರು. ಎದುರಿಗೆ ಬಂದು ಕುಳಿತವರು ಹೆಂಡ್ರಿಕ್.

ನೆಲ ನೋಡಿಕೊಂಡೇ ಅವರು ಮಾತಾಡಿದರು. ಹೊಸ ಕಾನೂನು ಬಂದಾಗ, ಅಂಥ ಮದುವೆ ಮಾಡಿಸಲು ನನ್ನ ನಂಬಿಕೆ ಒಪ್ಪುವುದಿಲ್ಲ ಎಂದು ಮೇಲಿನವರಿಗೆ ಬರೆದರಂತೆ. ಆಗಲಿ, ನಿಮ್ಮ ಬದಲು ಜೊತೆಯ ಅಧಿಕಾರಿ ಮಾಡಿಸಲಿ ಎಂದರಂತೆ. ಊರಿನಲ್ಲಿ ಕೆಲವರು ಇವರನ್ನು ಕೆಲಸದಿಂದ ತೆಗೆಯಬೇಕು ಎಂದರು. ಸಭೆಯವರು ಇವರನ್ನು ಧರ್ಮವೀರ ಎಂದರು. ಅದಾಗಿ ಎರಡು ವರ್ಷಕ್ಕೆ ಮಗಳು ಮನೆಗೆ ಬಂದು ಎಲ್ಸಳ ಹೆಸರು ಹೇಳಿದಳು.

"ನಾನು ಹೋದರೆ ಸಭೆಯವರು ಸೋತೆ ಎನ್ನುತ್ತಾರೆ" ಎಂದರು ಹೆಂಡ್ರಿಕ್. "ಆಫೀಸಿನವರು, ಮಗಳ ಮದುವೆಗೆ ಹೋಗಬಹುದು, ಬೇರೆಯವರ ಮಕ್ಕಳದು ಮಾಡಿಸಬಾರದೆ ಎನ್ನುತ್ತಾರೆ. ಅವರು ಕೇಳುವುದು ತಪ್ಪೂ ಅಲ್ಲ. ನನ್ನ ಹಕ್ಕನ್ನು ಕಾಪಾಡುತ್ತೇವೆ ಎಂದು ಎಷ್ಟೋ ಜನ ಮನೆಗೆ ಬಂದರು. ಮಗಳ ಮದುವೆ ಯಾವಾಗ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ."

ನನ್ನ ನಾಲಗೆಯ ತುದಿಯಲ್ಲಿ ಮೂರು ಗಾದೆ, ಎರಡು ವಚನ ಸಾಲಾಗಿ ನಿಂತಿದ್ದವು. ನುಂಗಿಕೊಂಡೆ. ಗಂಟಲು ನೋಯಿತು. ಹತ್ತು ನಿಮಿಷ ಮುಗಿದಾಗ ಮೇಡಂ ನನಗೆ ಶಭಾಷ್ ಎಂದರು. ಹೆಂಡ್ರಿಕ್ ಎದ್ದು ಹೋಗಿ ನನಗೊಂದು ಕಾಫಿ ತಂದುಕೊಟ್ಟರು.

ಬುಧವಾರ: ಕಾಲುವೆ

ಬಿಡುವಿನ ದಿನ. ಹೆಂಡ್ರಿಕ್ ನನಗೊಂದು ಸೈಕಲ್ಲು ಕೊಟ್ಟು, ಊರು ತೋರಿಸುತ್ತೇನೆ ಎಂದರು. ನೆಲವೆಲ್ಲ ಮಣೆಯ ಹಾಗೆ ಚಪ್ಪಟೆ. ಏರೂ ಇಲ್ಲ, ಇಳಿಜಾರೂ ಇಲ್ಲ, ಕಣ್ಣಿಗೆ ಆಸರೆಗೆಂದು ಒಂದು ಗುಡ್ಡವೂ ಇಲ್ಲ. ನಮ್ಮ ಕಡೆ ಸೈಕಲ್ಲೆಂದರೆ ಅರ್ಧ ದಾರಿ ತಳ್ಳುವುದು, ಅರ್ಧ ದಾರಿ ದೇವರ ಮೇಲೆ ಭಾರ ಹಾಕಿ ಇಳಿಯುವುದು. ಇಲ್ಲಿ ಹಾಯಾಗಿತ್ತು. ಕಾಲುವೆಯ ತಿರುವು ಬರುವ ತನಕ.

ಬ್ರೇಕ್ ಹಿಡಿಯಲು ಹ್ಯಾಂಡಲ್ ತಡವಿದೆ. ಬ್ರೇಕೇ ಇರಲಿಲ್ಲ. ಆ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆಯಂತೆ. ಅದು ನನಗೆ ಗೊತ್ತಾದದ್ದು ಸೊಂಟದವರೆಗೆ ನೀರಿನಲ್ಲಿ ನಿಂತ ಮೇಲೆ. ಶೃಂಗೇರಿಯಲ್ಲಿ ಮೀನಿಗೆ ಮಂಡಕ್ಕಿ ಹಾಕುವವರ ಹಾಗೆ ದಡದಲ್ಲಿ ಬಾತುಕೋಳಿಗೆ ರೊಟ್ಟಿ ಹಾಕುತ್ತಿದ್ದ ಇಬ್ಬರು ಅಜ್ಜಿಯರು ನನ್ನನ್ನು ಮೇಲಕ್ಕೆ ಎಳೆದರು. ಎಳೆದವರೇ, ತಿರುಗುವ ಮುಂಚೆ ಕೈ ತೋರಿಸಬೇಕಾಗಿತ್ತು, ನೀವು ತೋರಿಸಲಿಲ್ಲ ಎಂದು ಬೈದರು.

ಹೆಂಡ್ರಿಕ್ ನಕ್ಕರು. ಯೋಚಿಸದೆ ನಕ್ಕದ್ದು ನಾನು ಕಂಡಂತೆ ಅದೇ ಮೊದಲು. ಬಿಸಿಲಿಗೆ ಬೆಂಚಿನ ಮೇಲೆ ಒಣಗುತ್ತ ಕುಳಿತಾಗ, ಸೋಮವಾರ ನಾನೊಂದು ಸುಳ್ಳು ಹೇಳಿದೆ ಎಂದು ಅವರಿಗೆ ಹೇಳಿದೆ. ನಮ್ಮಲ್ಲಿ ಅಂಥವರಿಲ್ಲ ಎಂಬುದು ಸುಳ್ಳು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮದುವೆ ಪಾಠಕ್ಕೆ ಬಂದಿದ್ದ. ಎರಡನೆಯ ಭಾನುವಾರ ಎಲ್ಲರೂ ಹೋದ ಮೇಲೆ ಉಳಿದುಕೊಂಡು, "ಸಾರ್, ನಂಗೆ ಹೆಂಗಸ್ರ ಮೇಲೆ ಮನ್ಸೇ ಇಲ್ಲ. ಎಂತ ಮಾಡ್ಲಿ?" ಎಂದು ಕೇಳಿದ್ದ. ನಾನು ಎರಡೇ ನಿಮಿಷದಲ್ಲಿ, ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಬೆನ್ನು ತಟ್ಟಿ ಕಳಿಸಿದ್ದೆ. ಸರಿಹೋಗಲಿಲ್ಲ. ಆರು ತಿಂಗಳಿಗೆ ಅವನು ಊರು ಬಿಟ್ಟ. ಅವನನ್ನು ಮದುವೆಯಾದ ಹುಡುಗಿ ಈಗಲೂ ಚರ್ಚಿಗೆ ಬರುತ್ತಾಳೆ, ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ನನಗೆ ಅದು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ. ಹೆಂಡ್ರಿಕ್ ಹತ್ತು ನಿಮಿಷವಲ್ಲ, ಅರ್ಧ ಗಂಟೆ ಕೇಳಿದರು. ಅವರೂ ಏನೂ ಬುದ್ಧಿ ಹೇಳಲಿಲ್ಲ.

ಗುರುವಾರ: ನನ್ನ ಭಾಷಣ

'ನಿಮ್ಮ ನಾಡಿನಲ್ಲಿ ಧರ್ಮ ಸ್ವಾತಂತ್ರ್ಯ' ಎಂಬ ವಿಷಯದ ಮೇಲೆ ನಾನು ಹದಿನೈದು ನಿಮಿಷ ಮಾತಾಡಬೇಕಿತ್ತು. ಫಾದರ್ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ ಭಾಷಣ ನನ್ನ ಪ್ಯಾಂಟಿನ ಜೇಬಿನಲ್ಲಿದ್ದು, ಬುಧವಾರ ನನ್ನ ಜೊತೆಯೇ ಕಾಲುವೆಗೆ ಇಳಿದಿತ್ತು. ಹಾಗಾಗಿ ನನ್ನ ಕಪ್ಪುಹಲಗೆಯ ಇಂಗ್ಲಿಷಿನಲ್ಲಿ ತಿಮ್ಮೇಗೌಡರ ಕತೆ ಹೇಳಿದೆ.

ಹಿರೇಕೊಡಿಗೆಯಲ್ಲಿ ನಮ್ಮಪ್ಪನಿಗೂ ಪಕ್ಕದ ತಿಮ್ಮೇಗೌಡರಿಗೂ ಗದ್ದೆಗೆ ನೀರು ಬಿಡುವ ವಿಷಯದಲ್ಲಿ ಜಗಳವಾಗಿ ಎಂಟು ವರ್ಷ ಮಾತಿರಲಿಲ್ಲ. ಅಷ್ಟರಲ್ಲಿ ನನ್ನ ಅಕ್ಕನ ಮದುವೆ ಬಂತು. ಜಗಳವಿದ್ದರೂ ಪಕ್ಕದ ಮನೆಗೆ ಹೇಳಿಕೆ ಕೊಡದೆ ಬಿಡುವಂತಿಲ್ಲ. ಅಪ್ಪ ಗೌಡರ ಅಂಗಳದಲ್ಲಿ ನಿಂತು ಕಂಬಕ್ಕೆ ಹೇಳಿದರು: "ಬರೋ ಬುಧವಾರ ಮಗಳ ಮದ್ವೆ. ಮನೆಯೋರೆಲ್ಲ ಬರ್ಬೇಕು." ಜಗಲಿಯಲ್ಲಿ ಕೂತಿದ್ದ ಗೌಡರು ತಮ್ಮ ನಾಯಿಗೆ ಹೇಳಿದರು: "ಕೇಳ್ತೇನಾ? ಬತ್ತೀವಿ ಅಂತ ಹೇಳು."

ಬಂದರು. ಚರ್ಚಿನ ಹಿಂದುಗಡೆ, ಬಾಗಿಲಿನ ಹತ್ತಿರ ಕೈಕಟ್ಟಿ ನಿಂತರು. ಎಲ್ಲರೂ ಮಂಡಿಯೂರಿದಾಗ ಅವರು ನಿಂತೇ ಇದ್ದರು. ಮಂಡಿಯೂರಿ ಎಂದು ಅವರಿಗೆ ಯಾರೂ ಹೇಳಲಿಲ್ಲ, ನೀವು ಯಾಕೆ ಊರುತ್ತೀರಿ ಎಂದು ಅವರೂ ಕೇಳಲಿಲ್ಲ. ಅಕ್ಕನ ಕೈಗೆ ಒಂದು ಸೀರೆ ಕೊಟ್ಟು, ಊಟ ಮಾಡದೆ ಹೋದರು. ಆಮೇಲೂ ಮೂರು ವರ್ಷ ಅಪ್ಪನ ಜೊತೆ ಮಾತಾಡಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, "ಜಗಳ ಜಗಳದ್ ಕಡೆ, ಹೇಳಿಕೆ ಹೇಳಿಕೆ ಕಡೆ ಮಾರಾಯ. ಕೂಸು ಎಂತ ಮಾಡೀತು?" ಎಂದಿದ್ದರು.

"ನಮ್ಮಲ್ಲಿ ಎಲ್ಲ ಇಷ್ಟೇ ಚೆನ್ನಾಗಿದೆ ಎಂದು ಹೇಳಲಾರೆ. ಕೆಟ್ಟದ್ದೂ ಬೇಕಾದಷ್ಟು ನಡೆಯುತ್ತದೆ. ನನಗೆ ಗೊತ್ತಿರುವ ಧರ್ಮ ಸ್ವಾತಂತ್ರ್ಯ ಮಾತ್ರ ಇದು" ಎಂದು ಮುಗಿಸಿದೆ. ನಾಯಿಗೆ ಹೇಳಿದ ಉತ್ತರಕ್ಕೆ ಎಲ್ಲರೂ ನಕ್ಕರು. ಡಾಕ್ಟರ್ ಮೇಡಂ ಬರೆದುಕೊಂಡರು. ಕೊನೆಯ ಸಾಲಿನಲ್ಲಿದ್ದ ಹೆಂಡ್ರಿಕ್ ನಗಲೂ ಇಲ್ಲ, ಬರೆದುಕೊಳ್ಳಲೂ ಇಲ್ಲ. ಮನೆಗೆ ಬರುವಾಗ ಹವೆಯ ಬಗ್ಗೆ ಮಾತಾಡಿದರು.

ಶುಕ್ರವಾರ: ಟೌನ್ ಹಾಲ್

ಬೆಳಗ್ಗೆ ನಾನು ಕೋಟು ಹಾಕಿಕೊಂಡು, ಊರಿನಿಂದ ತಂದಿದ್ದ ಕಾಫಿಪುಡಿಯ ಪೊಟ್ಟಣ ಹಿಡಿದುಕೊಂಡು ಕೆಳಗೆ ಬಂದೆ. ಮಾತು ಕೊಟ್ಟವನು ನಾನು, ಯಾರು ಬಂದರೂ ಬಾರದಿದ್ದರೂ ನಾನಂತೂ ಹೋಗಬೇಕು. ಯಾನಿ ನೀಲಿ ಉಡುಪು ಹಾಕಿ ತಯಾರಾಗಿದ್ದರು. "ನಾನು ಬರುತ್ತಿದ್ದೇನೆ. ಅವರಿಗೆ ನಿನ್ನೆಯೇ ಹೇಳಿದೆ" ಎಂದರು. ಮೆಟ್ಟಿಲಿನ ಮೇಲೆ ಸದ್ದಾಯಿತು. ಹೆಂಡ್ರಿಕ್ ಕಪ್ಪು ಸೂಟಿನಲ್ಲಿ ಇಳಿದು ಬಂದರು.

"ನಾನು ನನ್ನ ಅಭಿಪ್ರಾಯ ಬದಲಿಸಿಲ್ಲ" ಎಂದರು ನನಗೆ. "ಆದರೆ ನೀವು ಈ ಮನೆಯಿಂದ ಬರುತ್ತೇವೆ ಎಂದಿದ್ದೀರಿ. ಮನೆ ನನ್ನದು. ಹಿಂದೆ ನಿಲ್ಲುತ್ತೇನೆ, ಅಷ್ಟೆ."

ನಾನು ಏನೂ ಹೇಳಲಿಲ್ಲ. ಆ ವಾರ ನಾನು ಕಲಿತದ್ದರ ಪರೀಕ್ಷೆ ಅದು, ಪಾಸಾದೆ ಎಂದುಕೊಂಡಿದ್ದೇನೆ.

ಹತ್ತೊಂಬತ್ತು ವರ್ಷ ಹೆಂಡ್ರಿಕ್ ಮೇಜಿನ ಆ ಕಡೆ ನಿಂತು ಮದುವೆ ಮಾಡಿಸಿದ ಕೋಣೆ ಅದು. ಇವತ್ತು ಅವರ ಜಾಗದಲ್ಲಿ ಜೊತೆಯ ಅಧಿಕಾರಿ ನಿಂತಿದ್ದ. ಹೆಂಡ್ರಿಕ್ಕರನ್ನು ಕಂಡು ಅವನಿಗೆ ಓದುತ್ತಿದ್ದ ಸಾಲು ತಪ್ಪಿಹೋಯಿತು. ಹೆಂಡ್ರಿಕ್ ಬಾಗಿಲಿನ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ನಿಂತರು. ಯಾನಿ ಮುಂದಿನ ಸಾಲಿಗೆ ಹೋದರು. ನಾನು ಎಲ್ಲಿ ಕೂರಬೇಕು ಎಂದು ತಿಳಿಯದೆ ನಡುವಿನ ಸಾಲಿನಲ್ಲಿ ಕುಳಿತೆ. ಮರೈಕೆ ಒಂದು ಸಲ ತಿರುಗಿ ನೋಡಿದಳು. ಎಲ್ಸ್ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಸ್ ಕುಳ್ಳಗಿನ, ಕೆಂಪು ಕೆನ್ನೆಯ ಹುಡುಗಿ, ನೋಡಿದರೆ ಇಂಜೆಕ್ಷನ್ ನೋಯಿಸದೆ ಕೊಡುತ್ತಾಳೆ ಎನ್ನಿಸುವ ಹಾಗಿದ್ದಳು. ಹೂಂ ಎಂದರು, ಸಹಿಯಾಯಿತು, ಹತ್ತು ನಿಮಿಷದಲ್ಲಿ ಮದುವೆ ಮುಗಿಯಿತು. ನಮ್ಮಲ್ಲಿ ಅಷ್ಟು ಹೊತ್ತಿಗೆ ಮೈಕು ಸರಿಮಾಡುತ್ತಿರುತ್ತಾರೆ.

ಹೆಂಡ್ರಿಕ್ ಹೊರಡಲು ತಿರುಗಿದರು. ಆದರೆ ಬಾಗಿಲಿನ ಹತ್ತಿರ ನಿಂತದ್ದೇ ಅವರ ತಪ್ಪಾಯಿತು. ಆ ದೇಶದಲ್ಲಿ ಶುಭ ಕೋರುವುದು ಮದುವೆಯಾದವರಿಗೆ ಮಾತ್ರವಲ್ಲ. ತಾಯಿಗೆ, ತಂದೆಗೆ, ಅಣ್ಣ ತಮ್ಮಂದಿರಿಗೆ, ಎಲ್ಲರಿಗೂ ಕೈಕುಲುಕಿ 'ನಿಮ್ಮ ಮಗಳಿಗಾಗಿ ಅಭಿನಂದನೆ' ಎಂದು ಪ್ರತ್ಯೇಕವಾಗಿ ಹೇಳಬೇಕು. ಹೇಳಿಸಿಕೊಂಡವರು ಧನ್ಯವಾದ ಎನ್ನಲೇಬೇಕು. ಹೊರಗೆ ಹೋಗುವ ದಾರಿ ಅದೊಂದೇ, ಅಲ್ಲಿ ನಿಂತವರು ವಧುವಿನ ಅಪ್ಪ. ಜನ ಸಾಲುಗಟ್ಟಿದರು.

ಮೊದಲು ಜೊತೆಯ ಅಧಿಕಾರಿಯೇ ಬಂದ. "ಅಭಿನಂದನೆ ಹೆಂಡ್ರಿಕ್, ನಿಮ್ಮ ಮಗಳಿಗಾಗಿ." ಹೆಂಡ್ರಿಕ್ ಸ್ವಲ್ಪ ತಡೆದು "ಧನ್ಯವಾದ" ಎಂದರು. ಆಮೇಲೆ ಎಲ್ಸಳ ಅಮ್ಮ, ಅವಳ ಚಿಕ್ಕಪ್ಪಂದಿರು, ಆಸ್ಪತ್ರೆಯ ನರ್ಸುಗಳು. ನಿಮ್ಮ ಮಗಳಿಗಾಗಿ. ಧನ್ಯವಾದ. ನಿಮ್ಮ ಮಗಳಿಗಾಗಿ. ಧನ್ಯವಾದ. ಮೊದಮೊದಲು ರಸೀದಿ ಕೊಡುವವರ ದನಿಯಲ್ಲಿ ಹೇಳುತ್ತಿದ್ದರು. ಇಪ್ಪತ್ತನೆಯವರ ಹೊತ್ತಿಗೆ ದನಿ ಒಡೆಯತೊಡಗಿತು. ನನ್ನ ಸರದಿ ಬಂದಾಗ ನಾನೂ ಕೈಕುಲುಕಿ ಅದನ್ನೇ ಹೇಳಿದೆ. ಅವರು ನನ್ನ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು, ಕಣ್ಣು ಮಾತ್ರ ನನ್ನ ಹಿಂದೆ ನೋಡುತ್ತಿತ್ತು.

ಸಾಲಿನ ಕೊನೆಯಲ್ಲಿ ಮರೈಕೆ ನಿಂತಿದ್ದಳು. ಮದುಮಗಳು ಸಾಲಿನಲ್ಲಿ ನಿಲ್ಲುವುದು ಅಲ್ಲಿಯ ಪದ್ಧತಿಯಲ್ಲ. ಅವಳು ಮುಂದೆ ಬಂದು, ಉಳಿದವರೆಲ್ಲ ಚಾಚಿದ ಹಾಗೆಯೇ ಕೈ ಚಾಚಿದಳು.

"ಅಭಿನಂದನೆ ಅಪ್ಪ, ನಿಮ್ಮ ಮಗಳಿಗಾಗಿ" ಎಂದಳು.

ಹೆಂಡ್ರಿಕ್ ಅವಳ ಕೈ ಹಿಡಿದುಕೊಂಡರು. "ಧನ್ಯವಾದ" ಎಂದರು. ಹಿಡಿದ ಕೈ ಬಿಡಲಿಲ್ಲ.